ಕಣ್ಣಿನ ಮಾಂಸ ತೆಗೆಸಿದ ಮೇಲೆ ನೋಟ ಎಷ್ಟು ಮರಳುವುದು?

ಗಡಿಭಾಗದ ಐದು ತಾಲೂಕುಗಳ ಉದ್ದಿಮೆಗಳ ದೃಷ್ಟಿಯಿಂದ ಟೆರಿಜಿಯಂ ಶಸ್ತ್ರಚಿಕಿತ್ಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ವ್ಯಾಪಾರದಲ್ಲಿ ಯಂತ್ರವು ಇನ್ನೂ ಕೈಹಾಕದ ಒಂದು ಕೆಲಸವಿದೆ. ಅದು ಸರಕನ್ನು ನೋಡಿ ಬೆಲೆ ಕಟ್ಟುವ ಕೆಲಸ. ನಿಪ್ಪಾಣಿಯ ವಖಾರಿಯಲ್ಲಿ ತಂಬಾಕಿನ ಚೀಲ ಬಿಚ್ಚಿದಾಗ ಕಂದು ಬಣ್ಣದ ಎರಡು ಛಾಯೆಗಳ ನಡುವಿನ ಅಂತರವನ್ನು ಗುರುತಿಸುವುದು ವ್ಯಾಪಾರಿಯ ಕಣ್ಣು. ಬೆಲ್ಲದ ಪೆಂಟಿ, ಅರಿಶಿನದ ಕೊಂಬು, ಅಥಣಿ ಭಾಗದ ಒಣದ್ರಾಕ್ಷಿ, ಇವೆಲ್ಲವುಗಳ ದರ ನಿರ್ಣಯವಾಗುವುದು ಬಣ್ಣದಿಂದಲೇ. ಅಥಣಿ ಮತ್ತು ನಿಪ್ಪಾಣಿಯಲ್ಲಿ ಕೊಲ್ಲಾಪುರಿ ಚಪ್ಪಲಿ ಹೊಲಿಯುವ ಕುಶಲಕರ್ಮಿಯು ಕಂದು ಚರ್ಮದ ಮೇಲೆ ಕಂದು ಚರ್ಮದ ದಾರವನ್ನೇ ಪೋಣಿಸಬೇಕು. ಇಂತಹ ಕೆಲಸದಲ್ಲಿ ಕಣ್ಣು ಸ್ವಲ್ಪ ಮಂದವಾದರೂ ನಷ್ಟ ಲೆಕ್ಕದ ಪುಸ್ತಕದಲ್ಲಿ ಕಾಣಿಸುತ್ತದೆ. ಕಾರಣ ಮಾತ್ರ ಕಾಣಿಸುವುದಿಲ್ಲ.

ಈ ಭಾಗದಲ್ಲಿ ಕಣ್ಣು ಮಂದವಾಗಲು ಪೊರೆ, ಸಕ್ಕರೆ ಕಾಯಿಲೆ ಮತ್ತು ಚಾಳೀಸಿನ ಜೊತೆಗೆ ಮತ್ತೊಂದು ಕಾರಣವಿದೆ. ಕಣ್ಣಿನ ಬಿಳಿ ಭಾಗದಿಂದ, ಬಹುಪಾಲು ಮೂಗಿನ ಕಡೆಯಿಂದ, ತ್ರಿಕೋನಾಕಾರದ ಕೆಂಪು ಮಾಂಸವು ನಿಧಾನವಾಗಿ ಕರಿಗುಡ್ಡೆಯ ಮೇಲೆ ಹತ್ತುವುದು. ಜನರು ಇದನ್ನು ‘ಕಣ್ಣಾಗ ಮಾಂಸ ಬೆಳೆದೈತಿ’ ಎನ್ನುತ್ತಾರೆ. ವೈದ್ಯರು ಟೆರಿಜಿಯಂ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಪುಟ್ಟ ರೆಕ್ಕೆ’. ಸುಶ್ರುತ ಸಂಹಿತೆಯು ಇದನ್ನು ‘ಅರ್ಮ’ ಎಂದು ಕರೆದು ಐದು ಬಗೆಗಳನ್ನು ಹೇಳಿದೆ. ಕೊಕ್ಕೆಯಿಂದ ಎತ್ತಿ ಕತ್ತರಿಸುವ ವಿಧಾನವನ್ನೂ, ಅರೆಬರೆ ಕತ್ತರಿಸಿದರೆ ಮತ್ತೆ ಬೇಗನೆ ಬೆಳೆಯುವುದೆಂಬ ಎಚ್ಚರಿಕೆಯನ್ನೂ ಅದು ನೀಡಿದೆ. ಆ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಇದು ಪೊರೆಯಲ್ಲ ಎಂಬುದನ್ನು ಮೊದಲಿಗೆ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಪೊರೆ ಕಣ್ಣಿನ ಒಳಗಿನ ಮಸೂರದ ದೋಷ. ಈ ಮಾಂಸವು ಕಣ್ಣಿನ ಹೊರಮೈಯ ಬೆಳವಣಿಗೆ. ಎರಡಕ್ಕೂ ಶಸ್ತ್ರಚಿಕಿತ್ಸೆ ಉಂಟಾದರೂ ಅವು ಬೇರೆ ಬೇರೆ, ಫಲಿತಾಂಶಗಳೂ ಬೇರೆ. ಪೊರೆ ತೆಗೆಸಿಕೊಂಡ ನೆರೆಯವನಿಗೆ ಮರುದಿನವೇ ಗಡಿಯಾರದ ಮುಳ್ಳು ಕಂಡಿತೆಂದು ಮಾಂಸ ತೆಗೆಸಿಕೊಂಡವನೂ ಅದನ್ನೇ ನಿರೀಕ್ಷಿಸಿದರೆ ನಿರಾಶೆ ಖಚಿತ.

ಬಿಸಿಲಿನ ಪಟ್ಟಿ

ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 37 ಡಿಗ್ರಿ ಅಕ್ಷಾಂಶದವರೆಗಿನ ಪ್ರದೇಶವನ್ನು ನೇತ್ರತಜ್ಞರು ಟೆರಿಜಿಯಂ ಪಟ್ಟಿ ಎಂದು ಗುರುತಿಸಿದ್ದಾರೆ. ಮೇಲೆ ಹೇಳಿದ ಐದು ತಾಲೂಕುಗಳು 16 ಮತ್ತು 17 ಡಿಗ್ರಿಗಳ ಆಸುಪಾಸಿನಲ್ಲಿ, ಆ ಪಟ್ಟಿಯ ನಡುವೆಯೇ ಇವೆ. ಮಧ್ಯ ಭಾರತ ಮತ್ತು ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ನಡುವಯಸ್ಸು ದಾಟಿದವರ ಪೈಕಿ ಸುಮಾರು ಹತ್ತು ಮಂದಿಗೆ ಒಬ್ಬರಲ್ಲಿ ಈ ಬೆಳವಣಿಗೆ ಕಂಡುಬಂದಿದೆ. ಹೊರಗೆ ದುಡಿಯುವವರಲ್ಲಿ ಪ್ರಮಾಣ ಇನ್ನೂ ಹೆಚ್ಚು.

ಮುಖ್ಯ ಕಾರಣ ಸೂರ್ಯನ ಅತಿನೇರಳೆ ಕಿರಣ. ಮೂಗಿನ ಕಡೆಯಲ್ಲೇ ಏಕೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದ ನೇತ್ರತಜ್ಞ ಮಿನಾಸ್ ಕೊರೊನಿಯೊ 1990ರ ದಶಕದಲ್ಲಿ ಸ್ವಾರಸ್ಯಕರವಾದ ಉತ್ತರ ಕೊಟ್ಟರು. ಕಪಾಳದ ಕಡೆಯಿಂದ ಓರೆಯಾಗಿ ಬಂದ ಬೆಳಕನ್ನು ಕರಿಗುಡ್ಡೆಯ ಉಬ್ಬು ಭೂತಗನ್ನಡಿಯಂತೆ ಬಾಗಿಸಿ ಮೂಗಿನ ಕಡೆಯ ಅಂಚಿನ ಮೇಲೆ ಕೇಂದ್ರೀಕರಿಸುತ್ತದೆ. ಅಂದರೆ ಎದುರಿನ ಬಿಸಿಲಿಗಿಂತ ಪಕ್ಕದ ಬಿಸಿಲು ಹೆಚ್ಚು ಅಪಾಯಕಾರಿ. ಕಬ್ಬು ಕಡಿಯುವ ತಂಡದವರು, ಇಟ್ಟಿಗೆ ಭಟ್ಟಿಯವರು, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗಾಡಿ ತೂಗಿಸಲು ಇಡೀ ದಿನ ನಿಲ್ಲುವವರು, ಎಲ್ಲರೂ ಈ ಪಕ್ಕದ ಬಿಸಿಲಿಗೆ ಒಡ್ಡಿಕೊಂಡವರೇ. ಈ ಭಾಗದ ರೈತನ ತಲೆಯ ಮೇಲಿನ ಬಿಳಿಯ ಟೋಪಿಗೆ ಅಂಚೇ ಇಲ್ಲವೆಂಬುದನ್ನೂ ಇಲ್ಲಿ ಗಮನಿಸಬಹುದು. ಅದು ಗೌರವವನ್ನು ಕಾಯುತ್ತದೆ, ಕಣ್ಣನ್ನಲ್ಲ.

ಧೂಳು, ಹೊಗೆ, ಒಣಗಾಳಿಗಳು ಕಣ್ಣನ್ನು ಕೆರಳಿಸಿ ಇದ್ದ ಬೆಳವಣಿಗೆಯನ್ನು ಕೆಂಪಾಗಿಸುತ್ತವೆ. ತಂಬಾಕು ಜರಡಿ ಹಿಡಿಯುವ ವಖಾರಿಯ ಧೂಳಿನ ಬಗ್ಗೆ ಹೇಳಬೇಕಾದದ್ದೂ ಇಷ್ಟೇ. ಅದೊಂದೇ ಮೂಲ ಕಾರಣವೆನ್ನಲಾಗದು. ಆದರೆ ಅದು ಕಣ್ಣಿಗೆ ಒಳ್ಳೆಯದೆಂದು ಯಾರೂ ಹೇಳಲಾರರು.

ನೋಟ ಕೆಡುವ ಬಗೆ

ಮಾಂಸವು ಕಣ್ಣಿನ ಪಾಪೆಯನ್ನು ಮುಚ್ಚಿದಾಗ ಮಾತ್ರ ನೋಟ ಕೆಡುತ್ತದೆ, ಅಲ್ಲಿಯವರೆಗೆ ಅದು ಬರೀ ಅಂದದ ಪ್ರಶ್ನೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಕಾರ್ನಿಯಾ ಎಂಬ ಪಾರದರ್ಶಕ ಕರಿಗುಡ್ಡೆಯ ಅಡ್ಡಗಲ ಸುಮಾರು 12 ಮಿ.ಮೀ. ಹಗಲಿನಲ್ಲಿ ಪಾಪೆ 3 ಅಥವಾ 4 ಮಿ.ಮೀ.ಗೆ ಕುಗ್ಗಿರುವುದರಿಂದ 3 ಮಿ.ಮೀ. ಬೆಳೆದ ಮಾಂಸವು ಬೆಳಕಿನ ದಾರಿಗೆ ಅಡ್ಡ ಬರುವುದಿಲ್ಲ. ಕತ್ತಲಾದ ಮೇಲೆ ಪಾಪೆ 6 ಮಿ.ಮೀ.ವರೆಗೆ ಹಿಗ್ಗಿದಾಗ ಅದೇ ಮಾಂಸದ ತುದಿ ಬೆಳಕಿನ ದಾರಿಯ ಅಂಚಿಗೇ ಬಂದು ನಿಲ್ಲುವುದು. ಹಗಲು ಯಾವ ತೊಂದರೆಯೂ ಇಲ್ಲದ ಲಾರಿ ಚಾಲಕನಿಗೆ ರಾತ್ರಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಎದುರು ವಾಹನದ ದೀಪ ಸಿಡಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಮುಖ್ಯವಾದದ್ದು ಎಳೆತ. ಚಪ್ಪಲಿಯ ಪಟ್ಟಿಯನ್ನು ಒಂದೇ ಬದಿಯಿಂದ ಬಿಗಿದು ಹೊಲಿದರೆ ಅಟ್ಟೆ ಹೇಗೆ ಸೊಟ್ಟಗಾಗುವುದೋ ಹಾಗೆ ಈ ಮಾಂಸವು ಕಾರ್ನಿಯಾವನ್ನು ಅಡ್ಡಲಾಗಿ ಚಪ್ಪಟೆಗೊಳಿಸುತ್ತದೆ. ಗೋಳವಾಗಿರಬೇಕಾದ ಮೇಲ್ಮೈ ಒಂದು ದಿಕ್ಕಿಗೆ ಒಂದು ಬಾಗು, ಇನ್ನೊಂದು ದಿಕ್ಕಿಗೆ ಮತ್ತೊಂದು ಬಾಗು ಪಡೆಯುತ್ತದೆ. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆಯುವ ಅಂಕಿ ಇದರ ಅಳತೆ. ಬೆಳವಣಿಗೆ 2 ರಿಂದ 3 ಮಿ.ಮೀ. ದಾಟಿದಂತೆ ಈ ಅಂಕಿ ಗಮನಾರ್ಹವಾಗಿ ಏರತೊಡಗುವುದು. ವರ್ಷಕ್ಕೊಮ್ಮೆ ಕನ್ನಡಕದ ನಂಬರ್ ಬದಲಾಗುತ್ತಿದ್ದರೆ, ಸಿಲಿಂಡರ್ ಮಾತ್ರ ಹೆಚ್ಚುತ್ತಿದ್ದರೆ, ದೋಷ ಕನ್ನಡಕದ ಅಂಗಡಿಯದಾಗಿರಬೇಕಿಲ್ಲ.

ಸಿಲಿಂಡರ್ ಅಂಕಿಗೆ ಸಿಗುವ ಸೊಟ್ಟವನ್ನು ಕನ್ನಡಕ ತಿದ್ದಬಲ್ಲದು. ಆದರೆ ಒಂದು ಬದಿಯ ಎಳೆತದಿಂದ ಬರುವ ಸಣ್ಣ ಏರುಪೇರುಗಳು ಯಾವ ಕನ್ನಡಕಕ್ಕೂ ನಿಲುಕುವುದಿಲ್ಲ. ಜೊತೆಗೆ ಕಣ್ಣೀರಿನ ತೆಳುಪದರ ಆ ಉಬ್ಬಿನ ಪಕ್ಕದಲ್ಲಿ ಸಮನಾಗಿ ಹರಡದು. ಕಿರ್ದಿ ಬರೆಯುವ ಗುಮಾಸ್ತನಿಗೆ ಸಾಲು ಒಮ್ಮೆ ಸ್ಪಷ್ಟ, ಒಮ್ಮೆ ಮಸುಕು, ಕಣ್ಣು ಮಿಟುಕಿಸಿದರೆ ಮತ್ತೆ ಸ್ಪಷ್ಟ.

ಇಲ್ಲಿಯೇ ‘ದೃಷ್ಟಿ’ ಮತ್ತು ‘ದೃಷ್ಟಿಯ ಗುಣಮಟ್ಟ’ ಬೇರೆಯಾಗುತ್ತವೆ. ಆಸ್ಪತ್ರೆಯ ಗೋಡೆಯ ಪಟ್ಟಿಯಲ್ಲಿ ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರಗಳಿರುತ್ತವೆ. 6 ಮೀಟರ್ ದೂರದಿಂದ ಅದರ ನಿಗದಿತ ಸಾಲು ಓದಿದವನಿಗೆ 6/6 ಎಂದು ಬರೆದುಕೊಡುತ್ತಾರೆ. ಆದರೆ ಗೋಣಿತಟ್ಟಿನ ಮೇಲೆ ಹರಡಿದ ತಂಬಾಕಿನಲ್ಲಿ, ಮೋಡ ಕವಿದ ಸಂಜೆಯ ಹರಾಜಿನ ಕಟ್ಟೆಯಲ್ಲಿ ಯಾರೂ ಅಚ್ಚ ಕಪ್ಪನ್ನು ಅಚ್ಚ ಬಿಳಿಯ ಮೇಲೆ ನೋಡುವುದಿಲ್ಲ. ಮಬ್ಬಿನ ಮೇಲಿನ ಮಬ್ಬನ್ನು ಬೇರ್ಪಡಿಸುವ ಶಕ್ತಿಯನ್ನು ಅಳೆಯಲು ಬೇರೆ ಪರೀಕ್ಷೆಯಿದೆ. ಟೆರಿಜಿಯಂ ಇರುವ ಕಣ್ಣಿನಲ್ಲಿ 6/6 ಉಳಿದಿದ್ದರೂ ಈ ಶಕ್ತಿ ಕುಗ್ಗಿರಬಹುದು. ಆದ್ದರಿಂದ ‘ನಂಬರ್ ಸರಿ ಇದೆ’ ಎಂಬ ಮಾತಿಗೇ ತೃಪ್ತರಾಗದೆ, ರೋಗಿಯು ತನ್ನ ಕಸುಬನ್ನೂ ಅದರಲ್ಲಿ ಎದುರಾಗುವ ತೊಂದರೆಯನ್ನೂ ವೈದ್ಯರ ಮುಂದೆ ಬಿಡಿಸಿ ಹೇಳಬೇಕು.

ಕತ್ತರಿಸುವುದಷ್ಟೇ ಸಾಲದು

ಹಿಂದೆ ಮಾಂಸವನ್ನು ಕತ್ತರಿಸಿ ಆ ಜಾಗವನ್ನು ಬರಿದಾಗಿ ಬಿಡುತ್ತಿದ್ದರು. ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ಈ ವಿಧಾನದಲ್ಲಿ ಮರುಬೆಳವಣಿಗೆಯ ಪ್ರಮಾಣ ಹಲವು ವರದಿಗಳಲ್ಲಿ ನೂರಕ್ಕೆ 30 ರಿಂದ 80ರವರೆಗೆ ಇದೆ. ಮರಳಿ ಬಂದ ಮಾಂಸವು ಮೊದಲಿನದಕ್ಕಿಂತ ದಪ್ಪ, ಬಿರುಸು. ಅದರ ಕೆಳಗೆ ಕಲೆಯೂ ಆಳ. ಅಗ್ಗವಾಗಿ ಕೊಂಡದ್ದು ದುಬಾರಿಯಾಗುವುದು ಪೇಟೆಗೆ ಹೊಸ ವಿಷಯವೇನಲ್ಲ.

1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವು ಚಿತ್ರವನ್ನು ಬದಲಿಸಿತು. ಅದೇ ಕಣ್ಣಿನ ಮೇಲಿನ ರೆಪ್ಪೆಯಡಿಯ ಭಾಗದಿಂದ ಬಿಸಿಲು ತಾಗದ ತೆಳುಪೊರೆಯ ತುಣುಕನ್ನು ತೆಗೆದು, ಮಾಂಸ ಕತ್ತರಿಸಿದ ಜಾಗಕ್ಕೆ ತೇಪೆಯಾಗಿ ಹಚ್ಚುವುದೇ ಆ ವಿಧಾನ. ಇದರಿಂದ ಮರುಬೆಳವಣಿಗೆಯು ಬಹುಪಾಲು ವರದಿಗಳಲ್ಲಿ ನೂರಕ್ಕೆ 15ರ ಒಳಗೆ ಇಳಿದಿದೆ. ತೇಪೆಯನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬಹುದು, ಅಥವಾ ಫೈಬ್ರಿನ್ ಎಂಬ ಅಂಟಿನಿಂದ ಅಂಟಿಸಬಹುದು. ಅಂಟಿನಿಂದ ಸಮಯವೂ ನೋವೂ ಕಡಿಮೆ, ಬೆಲೆ ಹೆಚ್ಚು. ಕೆಲವೆಡೆ ರೋಗಿಯದೇ ರಕ್ತ ಹೆಪ್ಪುಗಟ್ಟುವುದನ್ನು ಅಂಟಾಗಿ ಬಳಸುವುದೂ ಉಂಟು. ಗರ್ಭಚೀಲದ ಪೊರೆಯನ್ನು ತೇಪೆಯಾಗಿ ಬಳಸುವ ಇನ್ನೊಂದು ವಿಧಾನಕ್ಕೆ ಹೋಲಿಸಿದಾಗ ಸ್ವಂತ ಕಣ್ಣಿನ ತೇಪೆಯಲ್ಲೇ ಮರುಬೆಳವಣಿಗೆ ಕಡಿಮೆ ಎಂದು 2016ರ ಕಾಕ್ರೇನ್ ಸಮೀಕ್ಷೆ ತಿಳಿಸಿತು. ಮೈಟೊಮೈಸಿನ್ ಎಂಬ ಔಷಧವನ್ನು ಹಚ್ಚಿ ಬೆಳವಣಿಗೆ ತಡೆಯುವ ಕ್ರಮವೂ ಇದೆ. ಅಳತೆ ತಪ್ಪಿದರೆ ಕಣ್ಣಿನ ಬಿಳಿಗೋಡೆಯೇ ಕರಗುವ ಅಪಾಯವಿರುವುದರಿಂದ ಅದು ಅನುಭವಿ ವೈದ್ಯರ ವಿವೇಚನೆಗೆ ಬಿಟ್ಟ ಸಂಗತಿ.

ಆದಕಾರಣ ಶಸ್ತ್ರಚಿಕಿತ್ಸೆಗೆ ಮೊದಲು ‘ಖರ್ಚೆಷ್ಟು’ ಎಂದು ಕೇಳುವುದರ ಜೊತೆಗೆ ‘ತೇಪೆ ಹಾಕುವಿರಾ’ ಎಂದೂ ಕೇಳಬೇಕು. ಕತ್ತರಿಸಿ ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸುವಿರಾ ಎಂದು ಕೇಳುವುದರಲ್ಲೂ ತಪ್ಪಿಲ್ಲ. ವಿರಳವಾಗಿಯಾದರೂ ಕಣ್ಣಿನ ಹೊರಪದರದ ಅರ್ಬುದವು ಟೆರಿಜಿಯಂನ ವೇಷದಲ್ಲಿ ಇರುವುದುಂಟು.

ಏನು ಮರಳುವುದು, ಏನು ಮರಳದು

ಎಳೆತ ಹೋದ ಮೇಲೆ ಕಾರ್ನಿಯಾ ತನ್ನ ಮೂಲ ಬಾಗಿನ ಕಡೆಗೆ ಮರಳುತ್ತದೆ. ಸಿಲಿಂಡರ್ ಅಂಕಿ ಇಳಿಯುವುದು ಶಸ್ತ್ರಚಿಕಿತ್ಸೆಯ ನಿಶ್ಚಿತ ಲಾಭಗಳಲ್ಲೊಂದು. ದೀಪದ ಸಿಡಿತ ಕಡಿಮೆಯಾಗಿ, ಛಾಯೆಗಳನ್ನು ಬೇರ್ಪಡಿಸುವ ಶಕ್ತಿಯೂ ಸುಧಾರಿಸುವುದು. ಆದರೆ ಸುಧಾರಣೆ ಎಂದರೆ ಪೂರ್ಣ ಮರಳಿಕೆಯಲ್ಲ. ಮಾಂಸ ಕುಳಿತಿದ್ದ ಜಾಗದಲ್ಲಿ ಕಾರ್ನಿಯಾದ ಮೇಲೆ ಮಸುಕಾದ ಕಲೆ ಉಳಿಯುತ್ತದೆ. ಮಾಂಸ ಅಂಚಿನಲ್ಲೇ ಇದ್ದಾಗ ತೆಗೆಸಿದ್ದರೆ ಕಲೆಯೂ ಅಂಚಿನಲ್ಲೇ ಇರುವುದು, ನೋಟಕ್ಕೆ ಬಾಧಕವಲ್ಲ. ಪಾಪೆಯ ಎದುರಿಗೆ ಬಂದ ಮೇಲೆ ತೆಗೆಸಿದರೆ ಕಲೆ ಪಾಪೆಯ ಎದುರಿಗೇ ಉಳಿಯುವುದು. ಆಗ ಕಣ್ಣು ಬೆಳ್ಳಗೆ ಸುಂದರವಾಗಿ ಕಂಡರೂ ನೋಟ ಮಂಜಾಗಿಯೇ ಇರಬಹುದು, ಅದಕ್ಕೆ ಕನ್ನಡಕವೂ ಪರಿಹಾರವಲ್ಲ.

ಈ ಇಡೀ ವಿಷಯದಲ್ಲಿ ಹಣದ ಲೆಕ್ಕಕ್ಕೆ ಬರುವ ಅಂಶವೆಂದರೆ ಇದೇ. ಅಂಚಿನಲ್ಲಿ ಸುಮ್ಮನಿರುವ ಸಣ್ಣ ಬೆಳವಣಿಗೆಗೆ ಕತ್ತರಿ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಅಳತೆ ಮಾಡಿಸಿ ಬರೆದಿಟ್ಟರೆ ಸಾಕು. ಆದರೆ ಅಳತೆ ಏರುತ್ತಾ, ಸಿಲಿಂಡರ್ ಹೆಚ್ಚುತ್ತಾ, ತುದಿ ಪಾಪೆಯ ಕಡೆಗೆ ಸಾಗುತ್ತಿದ್ದರೆ ಕಾಯುವುದರಿಂದ ಉಳಿತಾಯವಾಗುವುದಿಲ್ಲ, ನಷ್ಟವೇ ಶಾಶ್ವತವಾಗುವುದು.

ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ಮೂರು ವಾರ ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಚುಚ್ಚುವುದು. ನೋಟ ಮೊದಲಿಗಿಂತ ಕೆಟ್ಟಂತೆ ಕಂಡರೂ ಗಾಬರಿಪಡಬೇಕಾಗಿಲ್ಲ. ಆದರೆ ನೋವು ದಿನದಿನಕ್ಕೆ ಹೆಚ್ಚಿದರೆ, ಕೀವು ಬಂದರೆ, ನೋಟ ಒಮ್ಮೆಲೇ ಇಳಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಾರ್ನಿಯಾದ ಬಾಗು ಸ್ಥಿರಗೊಳ್ಳಲು ಒಂದರಿಂದ ಮೂರು ತಿಂಗಳು ಬೇಕು. ಅವಸರದಿಂದ ಎರಡನೆಯ ವಾರವೇ ಹೊಸ ಕನ್ನಡಕ ಮಾಡಿಸಿದರೆ ಎರಡು ಸಲ ಹಣ ತೆರಬೇಕಾದೀತು. ಮರುಬೆಳವಣಿಗೆ ಬರುವುದಾದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಬರುತ್ತದೆ, ಅದರಲ್ಲೂ ಕಿರಿಯ ವಯಸ್ಸಿನವರಲ್ಲಿ.

ಅದೇ ಕಣ್ಣಿಗೆ ಪೊರೆಯೂ ಬಂದಿದ್ದರೆ ಕ್ರಮ ಮುಖ್ಯ. ಪೊರೆ ತೆಗೆದು ಕೂರಿಸುವ ಮಸೂರದ ಶಕ್ತಿಯನ್ನು ನಿರ್ಧರಿಸುವುದು ಕಾರ್ನಿಯಾದ ಬಾಗಿನ ಅಳತೆಯಿಂದ. ಮಾಂಸದ ಎಳೆತದಿಂದ ಸೊಟ್ಟಗಾದ ಬಾಗನ್ನು ಅಳೆದು ಮಸೂರ ಆರಿಸುವುದೆಂದರೆ ಕಲ್ಲು ಕಟ್ಟಿದ ತಕ್ಕಡಿಯಲ್ಲಿ ಬಂಗಾರ ತೂಗಿದಂತೆ. ಮಾಂಸ ದೊಡ್ಡದಿದ್ದಲ್ಲಿ ಮೊದಲು ಅದನ್ನು ತೆಗೆದು, ಬಾಗು ಸ್ಥಿರವಾದ ಮೇಲೆ ಪೊರೆಗೆ ಕೈಹಾಕುವುದು ಸಾಮಾನ್ಯವಾಗಿ ಸೂಕ್ತವೆನಿಸಿದೆ.

ಹನಿಗಳ ಎಚ್ಚರ

ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಸ್ಟಿರಾಯ್ಡ್ ಹನಿ ಹಾಕಲು ವೈದ್ಯರು ಹೇಳುತ್ತಾರೆ, ಕ್ರಮೇಣ ಇಳಿಸುತ್ತಾರೆ. ಈ ಹನಿಯಿಂದ ಕೆಂಪು ಬೇಗ ಇಳಿಯುವುದೇ ಅದರ ಆಕರ್ಷಣೆ, ಅದೇ ಅದರ ಅಪಾಯ. ಖಾಲಿ ಬಾಟಲಿ ತೋರಿಸಿ ಔಷಧ ಅಂಗಡಿಯಲ್ಲಿ ಮತ್ತೊಂದು ಕೊಂಡು ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಅದರಲ್ಲಿ ನೋವಿಲ್ಲದೆಯೇ ಅಂಚಿನ ನೋಟ ಸತ್ತುಹೋಗುತ್ತದೆ, ಮರಳುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸದವರೂ ‘ಕೆಂಪು ಕಣ್ಣಿಗೆ’ ಎಂದು ಇದೇ ಹನಿಯನ್ನು ಬಳಸುವ ರೂಢಿಯಿದೆ. ಬೆಳೆದ ಮಾಂಸವನ್ನು ಕರಗಿಸುವ ಹನಿ ಯಾವುದೂ ಇಲ್ಲ. ಸೊಪ್ಪಿನ ರಸವೂ ಇಲ್ಲ.

ಹಂಗಾಮು ಮತ್ತು ರಜೆ

ಉಗಾರ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾದ ಮೇಲೆ ಯಾರಿಗೂ ಕಣ್ಣು ತೋರಿಸಲು ಬಿಡುವಿಲ್ಲ. ಕಬ್ಬು ನುರಿಸುವ ತಿಂಗಳು ಮುಗಿದು ಮಳೆಗಾಲ ಹಿಡಿದಾಗ ಶಸ್ತ್ರಚಿಕಿತ್ಸೆ ಇಟ್ಟುಕೊಂಡರೆ ಬಿಸಿಲು, ಧೂಳುಗಳೂ ಕಡಿಮೆ, ಮುಂದಿನ ಹಂಗಾಮಿಗೆ ಮೂರು ತಿಂಗಳ ಬಿಡುವೂ ಸಿಕ್ಕೀತು. ಕಾರ್ಮಿಕನಿಗೆ ಎರಡು ವಾರದ ಧೂಳಿಲ್ಲದ ಕೆಲಸವನ್ನೋ ರಜೆಯನ್ನೋ ಕೊಡುವುದು ಮಾಲೀಕರಿಗೆ ಅಸಾಧ್ಯವೇನಲ್ಲ. ವೈದ್ಯರು ಒಪ್ಪುವವರೆಗೆ ರಾತ್ರಿ ವಾಹನ ನಡೆಸಲು ಹಚ್ಚಬಾರದು.

ಅಥಣಿ, ಕಾಗವಾಡದ ರೋಗಿಗಳಿಗೆ ಬೆಳಗಾವಿಗಿಂತ ಮಿರಜ ಹತ್ತಿರ. ಡಾ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ಮೇಲೆ ಆ ಊರು ವೈದ್ಯಕೀಯಕ್ಕೆ ಹೆಸರಾಯಿತು. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಉಳಿದವರು ಬೆಳಗಾವಿ, ಹುಬ್ಬಳ್ಳಿಗಳಿಗೆ ಹೋಗುತ್ತಾರೆ. ರಾಜ್ಯದ ಗಡಿ ದಾಟುವವರು ಒಂದು ಸಂಗತಿ ನೆನಪಿಡಬೇಕು. ಕರ್ನಾಟಕದ ಆರೋಗ್ಯ ಯೋಜನೆಯ ಕಾರ್ಡು ಮಹಾರಾಷ್ಟ್ರದ ಆ ಆಸ್ಪತ್ರೆಯಲ್ಲಿ ನಡೆಯುವುದೇ, ಯೋಜನೆಯಲ್ಲಿ ತೇಪೆಯ ಶಸ್ತ್ರಚಿಕಿತ್ಸೆ ಸೇರಿದೆಯೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಮುನ್ನೆಚ್ಚರಿಕೆಗೆ ದೊಡ್ಡ ಬಂಡವಾಳ ಬೇಕಿಲ್ಲ. ಅಗಲ ಅಂಚಿನ ಟೋಪಿ, ಪಕ್ಕದ ಬಿಸಿಲನ್ನೂ ತಡೆಯುವ ಬಾಗಿದ ಕನ್ನಡಕ ಸಾಕು. ಗಾಜಿನ ಕಪ್ಪು ಬಣ್ಣವೇ ರಕ್ಷಣೆಯಲ್ಲ. ಅತಿನೇರಳೆ ಕಿರಣ ತಡೆಯದ ಕರಿಗನ್ನಡಕ ಪಾಪೆಯನ್ನು ಹಿಗ್ಗಿಸಿ ಇನ್ನಷ್ಟು ಕಿರಣವನ್ನು ಒಳಬಿಡುವುದು. ಕೊಳ್ಳುವಾಗ ‘ಯುವಿ 400’ ಎಂಬ ಗುರುತನ್ನು ನೋಡಬೇಕು. ಶಸ್ತ್ರಚಿಕಿತ್ಸೆ ಆದವರಿಗೆ ಇದು ಇನ್ನೂ ಅಗತ್ಯ.

ಶಿಬಿರದ ಲೆಕ್ಕ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಆರಂಭವಾದಂದಿನಿಂದ ನೇತ್ರ ಶಿಬಿರಗಳಿಗೆ ವರ್ತಕರ ಸಂಘಗಳು ಉದಾರವಾಗಿ ನೆರವು ನೀಡುತ್ತ ಬಂದಿವೆ. ಶಿಬಿರದ ವರದಿಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ತಪಾಸಣೆ ಇಷ್ಟು, ಶಸ್ತ್ರಚಿಕಿತ್ಸೆ ಇಷ್ಟು. ಪೊರೆಯ ಶಿಬಿರಕ್ಕೆ ಅದು ಒಂದು ಮಟ್ಟಿಗೆ ನಡೆದೀತು. ಆದರೆ ಟೆರಿಜಿಯಂ ವಿಷಯದಲ್ಲಿ ಫಲಿತಾಂಶ ತಿಳಿಯುವುದೇ ಆರು ತಿಂಗಳ ನಂತರ, ಆಗ ಫಲಕವೂ ಶಾಮಿಯಾನವೂ ಇರುವುದಿಲ್ಲ. ಹಣ ಕೊಡುವ ಸಂಸ್ಥೆಯು ಆಸ್ಪತ್ರೆಯೊಂದಿಗೆ ಮಾತಾಡುವಾಗಲೇ ಕೆಲವು ಷರತ್ತುಗಳನ್ನು ಇಡಬಹುದು. ತೇಪೆಯಿಲ್ಲದ ಶಸ್ತ್ರಚಿಕಿತ್ಸೆ ಬೇಡ. ಮೊದಲಿನ ಸಿಲಿಂಡರ್ ಅಂಕಿಯನ್ನೂ ಮೂರನೆಯ ತಿಂಗಳಿನ ಅಂಕಿಯನ್ನೂ ಒಂದೇ ಚೀಟಿಯಲ್ಲಿ ಬರೆದುಕೊಡಬೇಕು. ಒಂದನೆಯ, ಮೂರನೆಯ ಮತ್ತು ಆರನೆಯ ತಿಂಗಳಿಗೆ ಮರುತಪಾಸಣೆ ಆಗಬೇಕು, ಕಣ್ಣಿನ ಒತ್ತಡದ ಪರೀಕ್ಷೆಯೂ ಅದರಲ್ಲಿ ಸೇರಿರಬೇಕು. ರೋಗಿಗಳ ಹೆಸರು, ಊರು, ಫೋನ್ ನಂಬರ್ ಇರುವ ಪಟ್ಟಿಯನ್ನು ಆಸ್ಪತ್ರೆಯ ಬಳಿ ಇಡುವುದರ ಜೊತೆಗೆ, ರೋಗಿಗಳ ಒಪ್ಪಿಗೆ ಪಡೆದು ಸಂಘದ ಗುಮಾಸ್ತನ ಕಡೆಗೂ ಒಂದು ಪ್ರತಿ ಇಡುವುದು ಮೇಲು. ತಾರೀಖು ಬಂದಾಗ ಫೋನ್ ಮಾಡಿ ಕರೆಸುವುದು, ದೂರದವರಿಗೆ ಬಸ್ ಚಾರ್ಜು ಕೊಡುವುದು, ಇಷ್ಟು ಖರ್ಚನ್ನು ಶಿಬಿರದ ಅಂದಾಜುಪಟ್ಟಿಯಲ್ಲಿ ಮೊದಲೇ ತೋರಿಸಿದರೆ ಆಮೇಲೆ ಯಾರ ಬಳಿಯೂ ಕೇಳಬೇಕಾಗುವುದಿಲ್ಲ.